ಅಪ್ಸೆಣಬಿನ ಚುಕ್ಕೆ ಪತಂಗ: ಮೂರನೇ ವಾರ

ಈ ಸಲ ಬರೆಯೋದು ಲೇಟಾಯ್ತು, ಆದ್ರೆ ಮಂಗಳವಾರ ನೋಡಿದ್ದನ್ನ ಹೇಳ್ಲೇಬೇಕು. ಮಂಡ್ಯ ಹತ್ರ ನಮ್ ಮಾವನ ಗದ್ದೆಲಿ ಹಸಿರು ಗೊಬ್ಬರಕ್ಕೆ ಅಂತ ಹಾಕಿದ್ದ ಅಪ್ಸೆಣಬಿಂದ ಹನ್ನೊಂದು ಹುಳ ತಂದು ಸಾಕ್ತಿದ್ದೀನಲ್ಲ, ಯುಟೆಥೀಸಾ ಅನ್ನೋ ಪತಂಗದ ಕುಲದವು. ದೊಡ್ಡವಾದ್ಮೇಲೆ ಬಿಳಿ ರೆಕ್ಕೆ ತುಂಬಾ ಕುಂಕುಮ ಇಟ್ಟ ಹಾಗೆ ಕೆಂಪು ಚುಕ್ಕೆ, ಮಧ್ಯೆ ಮಧ್ಯೆ ಕಪ್ಪು, ಹಗಲಲ್ಲೇ ಗಿಡದಿಂದ ಗಿಡಕ್ಕೆ ಹಾರ್ತಿರುತ್ತೆ. ರೆಕ್ಕೆ ಬಿಚ್ಚಿದ್ರೆ ಮೂರ್ನಾಲ್ಕು ಸೆಂಟಿಮೀಟರ್ ಅಷ್ಟೇ.

ಇಲ್ಲಿವರೆಗೂ ಬರೀ ಎಲೆ ಹಾಕ್ತಿದ್ದೆ, ತಿಂತಿದ್ವು. ಬದು ಪಕ್ಕ ಉಳಿದಿದ್ದ ನಾಲ್ಕು ಗಿಡದಲ್ಲಿ ಹಸಿ ಕಾಯಿ ಸಿಕ್ತು, ತಂದು ಇಟ್ಟೆ. ರಾತ್ರಿ ನೋಡ್ತೀನಿ, ಎಲೆ ಹಾಗೇ ಇದೆ, ಹುಳ ಎಲ್ಲಾ ಕಾಯಿ ಮೇಲೆ! ಒಂದಂತೂ ದುಂಡಗೆ ತೂತು ಕೊರೆದು ತಲೆ ಪೂರ್ತಿ ಒಳಗೆ ಹಾಕಿತ್ತು, ಕಿತ್ತಳೆ ಪಟ್ಟೆಯ ಕಪ್ಪು ಮೈ ಹೊರಗೆ, ತೂತಿನ ಬಾಯಲ್ಲಿ ಹಿಕ್ಕೆ. ಬೆಳಿಗ್ಗೆ ಕಾಯಿ ಬಿಡಿಸಿದ್ರೆ ಬೀಜದ ಜಾಗದಲ್ಲಿ ಬರೀ ಸಿಪ್ಪೆ.

ಅಪ್ಸೆಣಬಿನ ಜಾತಿ ಗಿಡಗಳಲ್ಲಿ ಪೈರೊಲಿಝಿಡಿನ್ ಆಲ್ಕಲಾಯ್ಡ್ ಅನ್ನೋ ಕಹಿ ವಿಷ ಇರುತ್ತೆ, ಎಲೆಗಿಂತ ಬೀಜದಲ್ಲೇ ಜಾಸ್ತಿ, ಹುಳ ಅದನ್ನ ಮೈಯಲ್ಲಿ ಕೂಡಿಟ್ಕೊಳ್ಳುತ್ತೆ. ಇದೇ ಕುಲದ ಅಮೆರಿಕದ ಆರ್ನೇಟ್ರಿಕ್ಸ್ ಅನ್ನೋ ಪತಂಗದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿ ಥಾಮಸ್ ಐಸ್ನರ್ ಮತ್ತೆ ಜೊತೆಗಾರರು ವರ್ಷಾನುಗಟ್ಲೆ ಕೆಲಸ ಮಾಡಿದ್ರು. ಅಲ್ಲಿ ಬಲೆಗೆ ಬಿದ್ದ ಪತಂಗನ ಜೇಡವೇ ದಾರ ಕತ್ತರಿಸಿ ಬಿಟ್ಬಿಡುತ್ತೆ! ಗಂಡು ಕೂಡುವಾಗ ವೀರ್ಯದ ಜೊತೆ ಈ ವಿಷನೂ ಹೆಣ್ಣಿಗೆ ಕೊಡುತ್ತೆ, ಹೆಣ್ಣು ತನ್ನದನ್ನೂ ಸೇರಿಸಿ ಮೊಟ್ಟೆಗೆ ತುಂಬುತ್ತೆ, ಮೊಟ್ಟೆಗೆ ಅಪ್ಪ ಅಮ್ಮ ಇಬ್ಬರದೂ ಕಾವಲು. ಅಲ್ಲಿ ವಿಷ ಸಾಲದ ಹುಳ ತನ್ನ ಜಾತಿಯ ಮೊಟ್ಟೆ, ಕೋಶನೇ ತಿನ್ನುತ್ತಂತೆ, ಅದಕ್ಕೆ ನಾನೂ ಈಗ ಒಂದೊಂದನ್ನ ಬೇರೆ ಬೇರೆ ಡಬ್ಬಿಗೆ ಹಾಕಿದ್ದೀನಿ.

ಇವು ಇದೇ ಕುಲದ ಎರಡು ಪ್ರಭೇದಗಳಲ್ಲಿ ಯಾವುದು, ಪುಲ್ಚೆಲ್ಲಾನೋ ಲೋಟ್ರಿಕ್ಸೋ ಅಂತ ಇನ್ನೂ ಇತ್ಯರ್ಥ ಆಗಿಲ್ಲ, ಚುಕ್ಕೆ ನೋಡಿ ಹೇಳೋಕೆ ಆಗಲ್ಲ, ಅಷ್ಟು ಹೋಲುತ್ವೆ.

ನಂಗೆ ಕಾಡ್ತಿರೋದು ಬೇರೆ. ಹಸಿರು ಗೊಬ್ಬರದ ಅಪ್ಸೆಣಬನ್ನ ಹೂ ಬರೋ ಹೊತ್ತಿಗೇ ಉತ್ತು ಮಣ್ಣಿಗೆ ಸೇರಿಸ್ತೀವಿ, ಕಾಯಿ ಕಟ್ಟೋಕೇ ಬಿಡಲ್ಲ, ಹಂಗಾದ್ರೆ ಗದ್ದೆ ತುಂಬಾ ಹುಟ್ಟೋ ಇವಕ್ಕೆ ಬೀಜ ಎಲ್ಲಿಂದ ಬರ್ಬೇಕು? ಮಾವನ್ನ ಕೇಳ್ದೆ, ಬದು ಪಕ್ಕ ಒಂದು ಸಾಲು ಬಿಡ್ತೀನಿ ಕಣಪ್ಪ ಅಂದ್ರು. ನಾಲ್ಕು ಹುಳ ನಿನ್ನೆ ಕೋಶ ಆದ್ವು, ಉಳಿದ ಏಳಕ್ಕೆ ನಾಳೆ ಮತ್ತೆ ಕಾಯಿ ತರ್ಬೇಕು.