ಒಲೆ ಊದಿದ ಹಾಗೆ, ಆದ್ರೆ ಮೆತ್ತಗೆ

“ಒಲೆ ಊದ್ತಿದ್ರಲ್ಲಮ್ಮ, ಹಾಗೇ ಊದಿ. ಆದ್ರೆ ಮೆತ್ತಗೆ.”

ಸೋಮವಾರ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಹುಡುಗಿ ದೊಡ್ಡಮ್ಮನಿಗೆ ಹೇಳಿದ ಮಾತು ಇದು. ದೊಡ್ಡಮ್ಮ ಅವಳ ಮುಖವನ್ನೇ ನೋಡಿದರು. “ಆ ಒಲೆನೇ ಅಲ್ವಾ ಮಗಾ ನನ್ನನ್ನ ಈ ಗತಿಗೆ ತಂದಿದ್ದು?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗಿಯ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. ಬೆನ್ನ ಮೇಲೆ ಕೈಯಿಟ್ಟು, “ಆಗ ಮನೆಯವರಿಗೆ ಊದಿದ್ರಿ. ಈಗ ನಿಮಗೋಸ್ಕರ ಊದಿ” ಅಂದಳು.

ಈ ವಾರವೆಲ್ಲ ಆ ಮಾತು ಕಿವಿಯಲ್ಲೇ ಇದೆ.

ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ಮಲೆನಾಡಿನ ಮಳೆಗಾಲ, ಹಸಿ ಸೌದೆ, ಕಿಟಕಿಯಿಲ್ಲದ ಅಡುಗೆಮನೆ. ಅಷ್ಟೇ ಸಾಕಾಯ್ತು ಸಿಒಪಿಡಿ ಬರಲು. ಅಂದರೆ ಉಸಿರಿನ ನಾಳಗಳು ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 80ರ ದಶಕದಲ್ಲೇ ಊರೂರಿಗೆ ಬಂದಿತ್ತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು. ದೊಡ್ಡಪ್ಪ ಜಗಲಿಗೆ ಹೊಸ ಹೆಂಚು ಹೊದಿಸಿದರು, ಆ ಒಲೆ ಹಾಕಿಸಲಿಲ್ಲ. ಅವರು ಒಳ್ಳೆಯವರೇ. ಆದರೆ ಹೊಗೆ ಕುಡಿದವರು ಅವರಲ್ಲವಲ್ಲ.

ಈ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಪೂರ್ತಿ ಹೊರಗೆ ಬರುವುದಿಲ್ಲ. ಉಸಿರು ಬಿಡುವಾಗ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಹಳೆ ಗಾಳಿ ಒಳಗೇ ಕೂತರೆ ಹೊಸದಕ್ಕೆ ಜಾಗ ಎಲ್ಲಿ? ಆಗ ಹೆದರಿಕೆ. ಹೆದರಿದರೆ ಉಸಿರು ಇನ್ನೂ ಜೋರು. ಜೋರಾದಷ್ಟೂ ಗಾಳಿ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ರಾತ್ರಿ ಹೊತ್ತು ದೊಡ್ಡಮ್ಮ ಮಂಚದ ಅಂಚಿಗೆ ಬಂದು ನನ್ನ ಕೈ ಹಿಡಿಯುತ್ತಾರೆ. ಆ ಹಿಡಿತದಲ್ಲಿ ಇರುವುದು ಬರೀ ಸಾವಿನ ಭಯ.

ಹುಡುಗಿ ಹೇಳಿಕೊಟ್ಟಿದ್ದು ಇಷ್ಟೇ. ಸ್ವಲ್ಪ ಮುಂದೆ ಬಾಗಿ ಕೂರಬೇಕು. ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದುಕೊಳ್ಳಬೇಕು. ತುಟಿ ಚೂಪು ಮಾಡಿ, ನಾಲ್ಕು ಎಣಿಸುತ್ತಾ ಬಿಡಬೇಕು. ತುಟಿ ತಡೆಯುವುದರಿಂದ ಒಳಗೆ ಒತ್ತಡ ಉಳಿದು ನಾಳಗಳು ತೆರೆದೇ ಇರುತ್ತವೆ. ಒಲೆ ಊದಿದ ಹಾಗೆ, ಆದ್ರೆ ಮೆತ್ತಗೆ. ನೋಡನೋಡುತ್ತಾ ದೊಡ್ಡಮ್ಮನ ಹೆಗಲು ಇಳಿಯಿತು. ಕೈಹಿಡಿತ ಸಡಿಲಾಯಿತು.

ಇದರಿಂದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ. ಇನ್‌ಹೇಲರ್ ಬಿಡುವಂತೆಯೂ ಇಲ್ಲ. ನಮ್ಮ ನೆಂಟರೊಬ್ಬರು ಫೋನಿನಲ್ಲಿ, “ಇನ್‌ಹೇಲರ್ ಚಟ ಆಗತ್ತೆ, ಬಿಸಾಡಿ, ಕಪಾಲಭಾತಿ ಮಾಡ್ಸಿ” ಅಂದರು. ನನಗೆ ಮೈ ಉರಿಯಿತು. ಉಸಿರು ಸಿಗದೆ ಒದ್ದಾಡುವವರಿಗೆ ರಭಸದ ಉಸಿರಾಟ ಹೇಳುವುದೇ? ಉಸಿರಿನ ಬಗ್ಗೆ ಉಪದೇಶ ಮಾಡುವ ಎಷ್ಟೋ ಜನ ಉಸಿರು ಕಟ್ಟಿದವರ ಪಕ್ಕ ಒಂದು ರಾತ್ರಿ ಕೂತವರಲ್ಲ.

ಬುಧವಾರ ದೊಡ್ಡಮ್ಮ ಎಣಿಕೆಯನ್ನೇ ಬಿಟ್ಟರು. “ಒಂದು ಎರಡು ಅಂತ ಸುಮ್ನೆ ಯಾಕೆ, ನಾರಾಯಣ ಅಂತೀನಿ” ಅಂದರು. ಈಗ ಮನಸ್ಸಿನಲ್ಲೇ ಆ ಹೆಸರನ್ನು ಎಳೆದು ಎಳೆದು ಹೇಳಿಕೊಳ್ಳುತ್ತಾ ಉಸಿರು ಬಿಡುತ್ತಾರೆ. ಹೆಸರು ಮುಗಿಯುವ ತನಕ ಉಸಿರೂ ಮೆಲ್ಲಗೆ ಹೊರಗೆ ಹೋಗುತ್ತಲೇ ಇರುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಇಂಥದ್ದನ್ನೇ ನೋಡಿತ್ತು. ಇಟಲಿಯ ವೈದ್ಯರು 23 ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿಸಿದರು, ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ವ್ಯವಸ್ಥೆಯೂ ಚುರುಕಾಯಿತು. ದೊಡ್ಡಮ್ಮನ ಉಸಿರು ಅಷ್ಟು ನಿಧಾನ ಆಗಬೇಕಿಲ್ಲ. ಹೆದರಿಕೆ ಬಂದಾಗ ಹಿಡಿದುಕೊಳ್ಳಲು ಅವರಿಗೆ ಒಂದು ಹೆಸರಿದೆ, ನನಗೆ ಅದೇ ದೊಡ್ಡದು.

ನಮ್ಮ ಕೇರಿಯಲ್ಲಿ ದೊಡ್ಡಮ್ಮನ ವಾರಿಗೆಯ ಹೆಂಗಸರು ಬಹಳ ಜನ ಕೆಮ್ಮುತ್ತಾರೆ. ಎಲ್ಲರೂ “ವಯಸ್ಸಾಯ್ತು” ಅಂತಾರೆ. ಗ್ಯಾಸ್ ಬಂತು, ಆದರೆ ಆಗಲೇ ಕುಡಿದ ಹೊಗೆಯ ಲೆಕ್ಕ ಯಾರೂ ಕೇಳಲಿಲ್ಲ. ಯಂತ್ರಕ್ಕೆ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದವರು ಅವರಲ್ಲಿ ಒಬ್ಬರೂ ಇಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಮುಂದಿನ ಸಲ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರ ಮಗ ಬೇಡ ಅಂದ. ನಾಳೆ ಅಜ್ಜಿಯನ್ನೇ ಕೇಳುತ್ತೇನೆ.