ಆಲೆಮನೆ ಕೋಣ ಮತ್ತೆ ನನ್ನ ವೆಬ್‌ಸೈಟು

ಹೋದ ಏಪ್ರಿಲ್‌ನಲ್ಲಿ ಶಿರಸಿ ಹತ್ರದ ಅತ್ತೆ ಮನೆಗೆ ಹೋಗಿದ್ದೆ. ಎರಡು ದಿನ ಅಂತ ಹೋದವ್ನು ಐದು ದಿನ ಅಲ್ಲೇ ಕೂತೆ, ಕಾರಣ ನಾನೇ ಮಾಡ್ಕೊಟ್ಟಿದ್ದ ಒಂದು ವೆಬ್‌ಸೈಟು.

ಅತ್ತೆಗೆ 64 ವರ್ಷ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರ್ತಾರೆ. ಮೊದ್ಲೆಲ್ಲ ಫೋನಲ್ಲೇ ಆರ್ಡರ್, ನೋಟ್‌ಬುಕ್ಕಲ್ಲಿ ಬರ್ಕೊಳೋದು. ನಾನು ಬೆಂಗಳೂರಲ್ಲಿ ಹೊಟ್ಟೆಪಾಡಿಗೆ ವೆಬ್‌ಸೈಟ್ ಮಾಡೋನು, ಹನ್ನೆರಡು ವರ್ಷದಿಂದ ಇದೇ ಕೆಲ್ಸ, ನಮ್ಮತ್ತೆಗೂ ಒಂದು ಇರ್ಲಿ, ಕಾಲ ಬದಲಾಗಿದೆ ನೀವೂ ಬದಲಾಗ್ಬೇಕು ಅಂತ ದೊಡ್ಡ ಭಾಷಣ ಬಿಗಿದು ಮಾಡ್ಕೊಟ್ಟಿದ್ದೆ. ಚೆನ್ನಾಗೂ ಬಂದಿತ್ತು. ಮೇಲ್ಗಡೆ ಐದು ಫೋಟೋದ ಸ್ಲೈಡರ್, ಜಗಲಿ, ಅಡಿಕೆ ತೋಟ, ಮಳೆ, ಭರಣಿ ಸಾಲು, ಅತ್ತೆ ಕೈ. ಅದರ ಕೆಳಗೆ ಒಗ್ಗರಣೆ ಸಿಡಿಯೋ ವಿಡಿಯೋ. ಇದೆಲ್ಲ ಲೋಡ್ ಆಗೋವರೆಗೂ ಬಿಳಿ ಸ್ಕ್ರೀನ್ ಮೇಲೆ ಒಂದು ಪುಟ್ಟ ಮಾವಿನ ಮಿಡಿ ಗಿರಗಿರ ತಿರುಗ್ತಾ ಇರೋದು. ಅದನ್ನ ಬಿಡಿಸೋಕೆ ಒಂದಿಡೀ ಭಾನುವಾರ ಹಿಡಿದಿತ್ತು ನಂಗೆ. ಆಫೀಸಿನ ಫೈಬರ್ ನೆಟ್ಟಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ಓಪನ್ ಆಗ್ತಿತ್ತು.

ನಾನು ಹೋದ ದಿನ ಬೆಳಿಗ್ಗೆ ಮುಂಬೈ ಹತ್ರದ ಡೊಂಬಿವಲಿಯಿಂದ ಒಬ್ರು ಅತ್ತೆಗೆ ಫೋನ್ ಮಾಡಿದ್ರು, ಅಲ್ಲಿ ನಮ್ಮ ಕಡೆಯವ್ರು ತುಂಬಾ ಜನ ಇದಾರಲ್ಲ. "ಲೋಕಲ್ ಟ್ರೇನಲ್ಲಿ ನಿಂತ್ಕೊಂಡು ನೋಡ್ತಾ ಇದೀನಿ, ನಿಮ್ ಸೈಟಲ್ಲಿ ಏನೋ ತಿರುಗ್ತಾನೇ ಇದೆ, ನೀವೇ ಬಾಯಲ್ಲಿ ಹೇಳ್ಬಿಡಿ ಏನೇನಿದೆ ಅಂತ" ಅಂದ್ರು. ಅವ್ರ ನೆಟ್ ಸರಿ ಇಲ್ಲ ಬಿಡಿ ಅಂದೆ ನಾನು. ಅತ್ತೆ ನನ್ನ ಮುಖ ನೋಡಿ, ಹೀಗೆ ಹೇಳಿದವ್ರು ಇವ್ರು ಒಬ್ರೇ ಅಲ್ಲ ತಮಾ ಅಂದ್ರು. (ಅತ್ತೆ ಮಾತಾಡೋದು ಹವ್ಯಕ ಕನ್ನಡ, ಎಲ್ರಿಗೂ ತಿಳೀಲಿ ಅಂತ ಬದಲಾಯಿಸಿ ಬರೀತಿದೀನಿ, ರುಚಿ ಅರ್ಧ ಹೋಗತ್ತೆ, ಕ್ಷಮಿಸಿ.)

ಮನೇಲಿ ನೆಟ್‌ವರ್ಕ್ ಇಲ್ಲ. ಕರೆಂಟ್ ಹೋದ್ರೆ ಟವರೂ ಹೋಗತ್ತೆ, ಇದ್ದಾಗ್ಲೂ ಮನೆ ಹಿಂದಿನ ಬೆಟ್ಟ ಹತ್ತಿ ಒಂದು ಹಾಸುಗಲ್ಲಿನ ಮೇಲೆ ನಿಂತ್ರೆ ಮಾತ್ರ ಸಿಗತ್ತೆ. ಊರಲ್ಲಿ ಎಲ್ರೂ ಅದನ್ನ ಟವರ್ ಕಲ್ಲು ಅಂತಾರೆ. ಸಂಜೆ ಅತ್ತೆ ಜೊತೆ ಹತ್ತಿದೆ. ಸ್ಪೀಡ್ ನೋಡಿದ್ರೆ ಒಂದು ಎಂಬಿಪಿಎಸ್ ಆಸುಪಾಸು, ಅಂದ್ರೆ ಒಂದು ಎಂಬಿ ಇಳಿಯೋಕೆ ಎಂಟು ಸೆಕೆಂಡ್. ಸೈಟ್ ಓಪನ್ ಮಾಡಿದೆ. ಮಿಡಿ ತಿರುಗೋಕೆ ಶುರುವಾಯ್ತು. ತಿರುಗ್ತು. ಅತ್ತೆ ಸೆರಗಲ್ಲಿ ಬೆವರು ಒರೆಸ್ಕೊಂಡು ಕಲ್ಲಿನ ಮೇಲೆ ಕೂತ್ರು. ಇನ್ನೂ ತಿರುಗ್ತಾ ಇತ್ತು. ಆಗ ಅತ್ತೆ ಹೇಳಿದ್ದು, "ಆಲೆಮನೆ ಕೋಣನ ಹಂಗೆ ಸುತ್ತಾ ಇದ್ಯಲೋ. ಅದು ಸುತ್ತಿದ್ರೆ ಕಬ್ಬಿನ ಹಾಲಾದ್ರೂ ಬರ್ತದೆ, ಇದು ಸುತ್ತಿ ಎಂತ ಬಂತು?"

ನಂಗೆ ಆ ಗಾಳೀಲೂ ಕಿವಿ ಬಿಸಿಯಾಯ್ತು. ಯಾಕಂದ್ರೆ ಕ್ಲೈಂಟ್ ಮೀಟಿಂಗಲ್ಲಿ ಇದನ್ನೇ ಪಾಠ ಮಾಡೋನು ನಾನು. ಮೊಬೈಲಲ್ಲಿ ಪೇಜು ಮೂರು ಸೆಕೆಂಡ್ ದಾಟಿದ್ರೆ 53% ಭೇಟಿಗಳು ಅಲ್ಲಿಗೇ ಮುಗಿಯತ್ತೆ ಅಂತ ಗೂಗಲ್ 2016ರಲ್ಲೇ ಹೇಳಿದೆ, 2018ರ ಜುಲೈಯಿಂದ ಮೊಬೈಲ್ ಸರ್ಚಲ್ಲೂ ಸ್ಪೀಡ್ ಲೆಕ್ಕಕ್ಕೆ ಬರತ್ತೆ, ಪೇಜಿನ ಮುಖ್ಯ ಭಾಗ 2.5 ಸೆಕೆಂಡಲ್ಲಿ ಕಣ್ಣಿಗೆ ಬೀಳ್ಬೇಕು, ಹೀಗೆಲ್ಲ ಸ್ಲೈಡ್ ಹಾಕಿ ಹೇಳ್ತೀನಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ರಾತ್ರಿ ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಫೈಲೆಲ್ಲ ನನ್ನತ್ರಾನೇ ಇತ್ತು, ಕೂಡಿಸಿ ನೋಡಿದ್ರೆ ಒಂದು ಹೋಮ್ ಪೇಜು 16 ಎಂಬಿ! ಟವರ್ ಕಲ್ಲಿನ ಸ್ಪೀಡಲ್ಲಿ ಅದು ಇಳಿಯೋಕೆ ಎರಡು ನಿಮಿಷದ ಮೇಲೆ ಬೇಕು. ಫೋಟೋಗಳು ಕ್ಯಾಮೆರಾದಿಂದ ಬಂದ ಹಂಗೇ ಇದಾವೆ, 6000 ಪಿಕ್ಸೆಲ್ ಅಗಲ, ನೋಡೋರ ಫೋನಿನ ಸ್ಕ್ರೀನ್ ಸಾಮಾನ್ಯವಾಗಿ 1080. ಅಂದ್ರೆ ಒಂದು ಲೋಟ ಮಜ್ಜಿಗೆ ಕೇಳಿದವ್ರಿಗೆ ಹಂಡೆ ಹೊತ್ಕೊಂಡು ಹೋಗಿ ಮುಂದಿಟ್ಟ ಹಾಗೆ. ಕನ್ನಡ ಫಾಂಟ್ ಬೇರೆ, ನಾಲ್ಕು ದಪ್ಪದಲ್ಲಿ ನಾಲ್ಕು ಫೈಲು. ನಮ್ಮ ಲಿಪೀಲಿ ಕಾಗುಣಿತ ಒತ್ತಕ್ಷರ ಎಲ್ಲ ಸೇರಿ ಆಕಾರಗಳು ಜಾಸ್ತಿ, ಹಾಗಾಗಿ ಇಂಗ್ಲಿಷಿಗಿಂತ ಫಾಂಟ್ ಫೈಲ್ ದೊಡ್ಡದೇ ಆಗತ್ತೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ನೋಟೋ ಫಾಂಟ್ ಮೊದ್ಲೇ ಇರತ್ತೆ, ಅದನ್ನೇ ಬಳಸಿದ್ರೆ ಆಗ್ತಿತ್ತು, ನಂಗೆ ಅಂದ ಕಾಣ್ಬೇಕಿತ್ತು. ಸರ್ವರ್ ಅಗ್ಗಕ್ಕೆ ಸಿಕ್ತು ಅಂತ ಅಮೆರಿಕಾದಲ್ಲಿ ತಗೊಂಡಿದ್ದೆ, ಶಿರಸಿ ಉಪ್ಪಿನಕಾಯಿ ನೋಡೋಕೆ ಡೊಂಬಿವಲಿಯವ್ರು ಅಮೆರಿಕಾಕ್ಕೆ ಹೋಗಿ ಬರ್ಬೇಕು, ಅದೂ ಒಂದು ಸಲ ಅಲ್ಲ, ಮೊದಲ ಅಕ್ಷರ ಬರೋದ್ರೊಳಗೇ ಮೂರ್ನಾಲ್ಕು ಸಲ.

ಆದ್ರೆ ಎಲ್ಲಕ್ಕಿಂತ ನಾಚಿಕೆ ಆಗಿದ್ದು ಆ ತಿರುಗೋ ಮಿಡಿ ವಿಷಯಕ್ಕೆ. ಹೆಸರು, ರೇಟು, ಫೋನ್ ನಂಬರು ಎಲ್ಲ ಬರೀ ಅಕ್ಷರ, ಅವು ಮೊದಲ ಕೆಲವು ಸೆಕೆಂಡಲ್ಲೇ ಫೋನಿಗೆ ಬಂದು ಕೂತಿರ್ತಿದ್ವು. ಫೋಟೋ ಎಲ್ಲ ಬರ್ಲಿ ಅಂತ ಅದರ ಮೇಲೆ ಬಿಳಿ ಪರದೆ ಎಳೆದು ಮಿಡಿ ತಿರುಗಿಸ್ತಾ ಇದ್ದದ್ದು ನನ್ನ ಕೋಡೇ. ಇದನ್ನ ಅತ್ತೆಗೆ ಹೇಳಿದೆ. ಅವ್ರು ಮಿಡಿಯ ತೊಟ್ಟು ನೋಡ್ತಾ ಇದ್ರು, ತೊಟ್ಟು ಬಿಟ್ಟ ಮಿಡಿ ಉಪ್ಪಲ್ಲಿ ಹಾಕಿದ್ರೆ ಮೆತ್ತಗಾಗತ್ತಂತೆ, ಒಂದೊಂದನ್ನೂ ತಿರುಗಿಸಿ ನೋಡಿ ಪಕ್ಕಕ್ಕೆ ಇಡ್ತಿದ್ರು. ತಲೆ ಎತ್ತದೆ ಕೇಳಿದ್ರು, "ರಂಗೋಲಿ ಮುಗಿಯೋವರೆಗೆ ನೆಂಟ್ರನ್ನ ದಣಪೆ ಹೊರಗೇ ನಿಲ್ಲಿಸಿದ್ಯಾ?"

ಹೌದು ಅತ್ತೆ.

ತೆಗೀಬೇಕು ಅಂತ ಗೊತ್ತಾದ್ಮೇಲೂ ಕೈ ಬರ್ಲಿಲ್ಲ ನೋಡಿ. ಮರುದಿನ ಇಡೀ ದಿನ ವಿಡಿಯೋನ ಸಣ್ಣ ಮಾಡ್ಲಾ, ಸ್ಲೈಡರಲ್ಲಿ ಐದರ ಬದಲು ಮೂರು ಇಡ್ಲಾ, ಮಿಡಿ ಸ್ವಲ್ಪ ಬೇಗ ತಿರುಗೋ ಹಂಗೆ ಮಾಡ್ಲಾ (ಹೂಂ, ಇದನ್ನೂ ಯೋಚ್ನೆ ಮಾಡ್ದೆ) ಅಂತ ಒದ್ದಾಡಿದೆ. ಹಂಗೆ ಮಾಡೋದೇ ನಂಗೆ ರೂಢಿ, ಅದ್ರಿಂದಾನೇ ಹೆಸರು ಬಂದಿದ್ದು, ಅದೇ ಬೇಡ ಅಂದ್ರೆ ನಾನು ಕಲ್ತಿದ್ದೇನು ಅನ್ನೋ ಥರ. ಅತ್ತೆ ಹತ್ರ ಗೊಣಗಿದೆ. ಅವ್ರು ಅಟ್ಟದ ಕಡೆ ಕೈ ತೋರ್ಸಿದ್ರು. ಅಲ್ಲಿ ಅಜ್ಜಿ ಕಾಲದ ಭರಣಿಗಳು, ಹನ್ನೊಂದು. ಹೊರಗೆ ಕಳ್ಸೋಕೆ ಶುರು ಮಾಡಿದಾಗ ಮೊದ್ಲು ಗಾಜಿನ ಬಾಟ್ಲಿ ಮಾಡಿದ್ರಂತೆ, ಕೊರಿಯರಲ್ಲಿ ಒಡೆದು ಬಾಕ್ಸೆಲ್ಲ ಎಣ್ಣೆ ಖಾರ, ಮೂರನೇ ಸಲ ಒಡೆದ ದಿನವೇ ಶಿರಸಿಗೆ ಹೋಗಿ ದಪ್ಪ ಪೌಚು, ಸೀಲ್ ಮಾಡೋ ಮಿಷನ್ನು ತಂದ್ರಂತೆ. "ಬೇಜಾರಾಗ್ಲಿಲ್ವಾ?" ಅಂದೆ. "ಆಯ್ತು. ಆದ್ರೆ ಭರಣಿ ನಂಗೆ ಚಂದ ಮಾರಾಯ, ತಗೊಳೋರಿಗೆ ಬೇಕಾದ್ದು ಮಿಡಿ" ಅಂದು ಒಳಗೆ ಹೋದ್ರು. ಬದಲಾಗಿ ಅಂತ ಇವ್ರಿಗೆ ನಾನು ಭಾಷಣ ಮಾಡಿದ್ದು ಅಂತ ನೆನಪಾಗಿ ಸುಮ್ನಾದೆ.

ಆಮೇಲೆ ಕೆಲ್ಸ ಬೇಗ ಆಯ್ತು. ಸ್ಲೈಡರ್ ಹೋಯ್ತು, ವಿಡಿಯೋ ಹೋಯ್ತು, ತಿರುಗೋ ಮಿಡಿನೂ ಹೋಯ್ತು (ಫೈಲ್ ಇಟ್ಕೊಂಡಿದೀನಿ, ಸುಳ್ಳು ಹೇಳಲ್ಲ). ಮಿಡಿಯದ್ದೇ ಒಂದು ಫೋಟೋ, ವೆಬ್‌ಪಿ ಅನ್ನೋ ಹಗುರ ಫಾರ್ಮ್ಯಾಟಿಗೆ ಬದಲಾಯಿಸಿದ್ರೆ 80 ಕೆಬಿ. ಉಳಿದ ಫೋಟೋಗಳು ಕೆಳಗೆ ಸ್ಕ್ರೋಲ್ ಮಾಡಿದಾಗ ಮಾತ್ರ ಬರೋ ಹಂಗೆ. ಫಾಂಟು ಫೋನಿಂದೇ. ಸರ್ವರ್ ಮುಂಬೈಗೆ. ಅತ್ತೆ ಹೇಳಿದಂಗೆ ಮೇಲ್ಗಡೆ ನಾಲ್ಕೇ ಸಾಲು: ಯಾವ ಮಿಡಿ, ಎಷ್ಟು ಕೆಜಿ, ಎಷ್ಟು ರೂಪಾಯಿ, ಯಾವತ್ತು ಕಳಿಸ್ತೀವಿ. ಒಟ್ಟು 500 ಕೆಬಿ ಒಳಗೆ ಬಂತು. ಅಪ್‌ಲೋಡ್ ಮಾಡೋಕೆ ಮಾತ್ರ ಶಿರಸಿ ಪೇಟೆಗೆ ಹೋಗ್ಬೇಕಾಯ್ತು.

ಐದನೇ ದಿನ ಸಂಜೆ ಮತ್ತೆ ಟವರ್ ಕಲ್ಲು. ಈ ಸಲ ಅತ್ತೆ ತಮ್ಮ ಫೋನಲ್ಲೇ ಒತ್ತಿದ್ರು. ಕಲ್ಲಿನ ಮೇಲೆ ಕೂರೋಣ ಅಂತ ಬಗ್ಗಿದವ್ರು ಅರ್ಧಕ್ಕೇ ನಿಂತ್ರು, ಅಷ್ಟರಲ್ಲಿ ಪೇಜು ಬಂದಾಗಿತ್ತು. ನಾನು ಶಹಭಾಸ್‌ಗಿರಿಗೆ ಕಾಯ್ತಾ ಇದ್ದೆ. ಅತ್ತೆ ಕನ್ನಡಕ ಮೂಗಿನ ಮೇಲೆ ಏರಿಸ್ಕೊಂಡು ಬೆರಳಲ್ಲಿ ಮೇಲೆ ಕೆಳಗೆ ಮಾಡಿ, ಫೋನನ್ನ ನನ್ನ ಮುಖಕ್ಕೆ ಹಿಡಿದ್ರು.

"ತಮಾ, ಇದು ಹೋದ ವರ್ಷದ ರೇಟಲ್ವೇನೋ?"