ಎಲ್ಲರೂ ಕೇಳುವ ಪ್ರಶ್ನೆ: ಒಂದೇ ಸ್ಟುಡಿಯೋ ಇಷ್ಟೊಂದು ಬಗೆಯ ಗೇಮ್ ಹೇಗೆ ಮಾಡುತ್ತೆ?

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ನಮ್ಮ ಗೇಮ್ ಸ್ಟುಡಿಯೋ ಇದೆ. ಆರು ಜನ ಇದ್ದೇವೆ. ನಾನು ಡಿಸೈನರ್. ಅಂದರೆ ಆಟದ ನಿಯಮ ಬರೆಯುವುದು, ಅದು ಕೈಗೆ ಹೇಗೆ ಸಿಗುತ್ತದೆ ಅಂತ ನೋಡುವುದು ನನ್ನ ಕೆಲಸ. ಈ ಕೆಲಸಕ್ಕೆ ಬಂದ ದಿನದಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕಾಲೇಜು ಹುಡುಗರು ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಒಂದೇ ಸ್ಟುಡಿಯೋದವರು ಒಂದು ಸಲ ರೇಸಿಂಗ್, ಇನ್ನೊಂದು ಸಲ ಪಜಲ್, ಮತ್ತೊಂದು ಸಲ ಕಥೆಯ ಗೇಮ್ ಮಾಡುತ್ತಾರಲ್ಲ, ಅದು ಹೇಗೆ? ಪ್ರತಿ ಸಲ ಹೊಸದು ಎಲ್ಲಿಂದ ಬರುತ್ತೆ?

ಮಂಡ್ಯದ ಹತ್ತಿರ ಬೇಸಾಯ ಮಾಡುವ ನನ್ನ ಸೋದರಮಾವ ಇದನ್ನೇ ಅವರ ರೀತಿಯಲ್ಲಿ ಕೇಳಿದರು. "ಅಲ್ಲ ಕಣವ್ವ, ಒಂದೊಂದು ವರ್ಷ ಒಂದೊಂದು ಕೆಲಸ ಹಿಡಿದ್ರೆ ಕೈ ಕುದುರೋದು ಯಾವಾಗ?"

ನಾನು ಕೇಳಿದೆ, "ಮಾವ, ಕೂಳೆ ಕಬ್ಬು ತೆಗೆದ ಮೇಲೆ ನೀವು ಅದೇ ಗದ್ದೆಗೆ ಭತ್ತ ಹಾಕಲ್ವಾ?"

"ಹಾಕ್ತೀವಿ. ನೆಲ ಅದೇ ಅಲ್ವಾ, ನೀರೂ ಅದೇ."

ನನ್ನ ಉತ್ತರವೂ ಹೆಚ್ಚುಕಡಿಮೆ ಅದೇ. ಬಗೆ ಬಗೆಯ ಗೇಮ್ ಚೆನ್ನಾಗಿ ಮಾಡುವ ಸ್ಟುಡಿಯೋಗಳು "ಈ ಸಲ ಯಾವ ಜಾನರ್, ಅಂದರೆ ಯಾವ ಬಗೆಯ ಆಟ ಮಾಡೋಣ" ಅಂತ ಶುರು ಮಾಡುವುದು ಕಡಿಮೆ. ಆಡುವವರ ಕೈ ಮಾಡುವ ಒಂದು ಸಣ್ಣ ಕೆಲಸದಿಂದ ಶುರು ಮಾಡುತ್ತಾರೆ. ಅದರಲ್ಲಿ ಖುಷಿ ಇದೆಯಾ ಅಂತ ನೋಡುತ್ತಾರೆ. ಇದ್ದರೆ ಅದರ ಸುತ್ತ ಒಂದೊಂದೇ ನಿಯಮ ಸೇರಿಸುತ್ತಾರೆ, ತೆಗೆಯುತ್ತಾರೆ. ಜಾನರ್ ಅನ್ನುವುದು ಆಮೇಲೆ ಬರುವ ಹೆಸರು.

ಇದನ್ನು ನಾನು ಮೊದಲು ಕಂಡದ್ದು ಅಜ್ಜಿ ಮನೆಯ ಜಗಲಿಯಲ್ಲಿ, ಚೌಕಾಬಾರದಲ್ಲಿ. ಆಡದವರಿಗೆ ಸ್ವಲ್ಪ ಹೇಳುತ್ತೇನೆ. ಸೀಮೆಸುಣ್ಣದಲ್ಲಿ ಐದು ಇಂಟು ಐದು ಮನೆ ಬರೆಯುತ್ತೇವೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿಗಳನ್ನು ಹೊರಗಿನ ಹದಿನಾರು ಮನೆ ಸುತ್ತಿಸಿ, ಆಮೇಲೆ ಒಳಗಿನ ಎಂಟು ಮನೆ ತಿರುಗಿಸಿ, ನಡುಮನೆಗೆ ತಂದು ಹಣ್ಣು ಮಾಡಬೇಕು. ಇಷ್ಟೇ ಇದ್ದರೆ ಅದು ಓಟದ ಆಟ. ಯಾರಿಗೆ ಕವಡೆ ಒಲಿಯಿತೋ ಅವರು ಗೆದ್ದರು.

ಆದರೆ ಇದರಲ್ಲಿ ಇನ್ನೊಂದು ನಿಯಮ ಇದೆ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ನಿಮ್ಮ ಕಾಯಿ ಒಳಮನೆಗೆ ಹೋಗುವ ಹಾಗಿಲ್ಲ.

ಚಿಕ್ಕವಳಿದ್ದಾಗ ಈ ನಿಯಮ ಬೇಡ ಅಂತ ಹಟ ಮಾಡಿದ್ದೆ. ಅಜ್ಜಿ "ಆಯ್ತು, ಬಿಟ್ಟು ಆಡೋಣ ಬಾ" ಅಂದರು. ಆಡಿದೆವು. ಬೇಗ ಮುಗಿಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಅವರವರ ಕಾಯಿ ಎಣಿಸಿಕೊಂಡು ಹೋದರು, ಅಷ್ಟೇ. ಮತ್ತೆ ನಿಯಮ ಹಾಕಿ ಆಡಿದಾಗ ಜಗಲಿಯ ಗಾಳಿಯೇ ಬೇರೆ ಆಯಿತು. ನನ್ನ ಕಾಯಿ ಮುಂದೆ ಇದ್ದರೂ ಹಿಂದಿರುವ ಚಿಕ್ಕಮ್ಮನ ಕಾಯಿಗಾಗಿ ಕಾಯಬೇಕು. ಅಡ್ಡಗೆರೆ ಎಳೆದ ಮನೆಯಲ್ಲಿ ಕೂತರೆ ಯಾರೂ ಹೊಡೆಯುವಂತಿಲ್ಲ, ಆದರೆ ಅಲ್ಲೇ ಕೂತರೆ ಗೆಲ್ಲುವುದೂ ಇಲ್ಲ. ಮೂರು ಬೀಳಲಿ ಅಂತ ಬೇಡಿಕೊಂಡು ಕವಡೆ ಕುಲುಕುತ್ತಿದ್ದೆ. ಚಿಕ್ಕಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು.

ಅದೇ ಮನೆ, ಅದೇ ಕವಡೆ, ಅದೇ ಕಾಯಿ. ಒಂದು ನಿಯಮಕ್ಕೆ ಓಟ ಹೋಗಿ ಬೇಟೆ ಆಯಿತು. ಇವತ್ತಿನ ಭಾಷೆಯಲ್ಲಿ ಜಾನರ್ ಬದಲಾಯಿತು. ನನ್ನ ಇಡೀ ಕೆಲಸಕ್ಕೆ ಆ ಸಂಜೆಯೇ ಮೊದಲ ಪಾಠ ಅಂತ ಈಗ ಅನಿಸುತ್ತದೆ.

ದೊಡ್ಡ ಸ್ಟುಡಿಯೋಗಳಲ್ಲೂ ನಡೆಯುವುದು ಇದೇ. ಜಪಾನಿನ ಕ್ಯೋಟೋದ ನಿಂಟೆಂಡೋ ತೆಗೆದುಕೊಳ್ಳಿ. 1889ರಲ್ಲಿ ಹನಾಫುಡಾ ಅನ್ನುವ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದದ್ದು. 1990ರಲ್ಲಿ ಅವರು ಎಫ್-ಝೀರೋ ಅನ್ನುವ ರೇಸಿಂಗ್ ಗೇಮ್ ತಂದರು. ತುಂಬಾ ವೇಗದ ಆಟ. ಆದರೆ ಒಬ್ಬರೇ ಆಡಬೇಕು. ಇದನ್ನೇ ಇಬ್ಬರು ಒಟ್ಟಿಗೆ ಆಡುವ ಹಾಗೆ ಮಾಡಬೇಕು ಅಂತ ಹೊರಟಾಗ ತೊಡಕು ಬಂತು. ಪರದೆಯನ್ನು ಎರಡು ಭಾಗ ಮಾಡಿದರೆ ಆ ಕಾಲದ ಯಂತ್ರಕ್ಕೆ ಅಷ್ಟು ವೇಗವನ್ನೂ ಅಷ್ಟು ಉದ್ದದ ನೇರ ದಾರಿಯನ್ನೂ ತೋರಿಸಲು ಆಗಲಿಲ್ಲ. ಅವರು ವೇಗವನ್ನು ಬಿಟ್ಟರು, ಇಬ್ಬರು ಅನ್ನುವುದನ್ನು ಬಿಡಲಿಲ್ಲ. ದಾರಿ ಚಿಕ್ಕದಾಯಿತು, ತಿರುವು ಜಾಸ್ತಿ ಆಯಿತು. ಚಿಕ್ಕ ದಾರಿಗೆ ಚಿಕ್ಕ ಗಾಡಿ ಬಂತು. ಗಾಡಿ ಓಡಿಸುವವನು ಮೊದಲು ಯಾರೋ ಒಬ್ಬ, ನಿಂಟೆಂಡೋದ ಹೆಸರಾಂತ ಪಾತ್ರ ಮಾರಿಯೋ ಬಂದು ಕೂತದ್ದು ಕೆಲವು ತಿಂಗಳಾದ ಮೇಲೆ. 1992ರಲ್ಲಿ ಅದು ಸೂಪರ್ ಮಾರಿಯೋ ಕಾರ್ಟ್ ಆಗಿ ಹೊರಬಂತು. ಆಮೇಲೆ ಎಷ್ಟೋ ಜನ ಆ ದಾರಿ ಹಿಡಿದರು.

ಅದೇ ನಿಂಟೆಂಡೋದ ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. 2015ರಲ್ಲಿ ಬಂದ ಸ್ಪ್ಲಾಟೂನ್. ಅದರ ಮೊದಲ ಕಚ್ಚಾ ಮಾದರಿ, ಅಂದರೆ ಪ್ರೋಟೋಟೈಪ್‌ನಲ್ಲಿ ಇದ್ದದ್ದು ಬರೀ ಚೌಕದ ಗಡ್ಡೆಗಳು. ನೋಡಲು ತೋಫು ತುಂಡಿನ ಹಾಗೆ. ನಮ್ಮ ಕಣ್ಣಿಗೆ ಪನೀರ್ ತುಂಡು ಅನ್ನಿ. ಆ ತುಂಡುಗಳು ಶಾಯಿ ಹಾರಿಸುತ್ತಿದ್ದವು. ಶಾಯಿ ಬಿದ್ದ ಜಾಗ ಆ ಕಡೆಯವರದು. ಮುಖ ಇಲ್ಲ, ಕಥೆ ಇಲ್ಲ, ಹೆಸರಿಲ್ಲ. ಆದರೆ ಆಡಿದವರಿಗೆ ಖುಷಿ ಆಯಿತು. ಆಮೇಲೆ ಆ ತುಂಡಿಗೆ ಯಾವ ರೂಪ ಕೊಡುವುದು ಅಂತ ತಡಕಾಡಿದರು. ಮೊಲ ಮಾಡಿ ನೋಡಿದರು. ಕೊನೆಗೆ ಸಮುದ್ರದ ಸ್ಕ್ವಿಡ್‌ಗೆ ಬಂದು ನಿಂತರು. ಸ್ಕ್ವಿಡ್ ಶಾಯಿ ಬಿಡುತ್ತದೆ, ತನ್ನ ಶಾಯಿಯೊಳಗೇ ಈಜಿ ಅಡಗಿಕೊಳ್ಳಬಹುದು. ಎಲ್ಲವೂ ಒಂದಕ್ಕೊಂದು ಕೂಡಿಬಂತು.

ಅದು ಶೂಟಿಂಗ್ ಗೇಮೇ. ಕೈಯಲ್ಲಿ ಬಂದೂಕಿನಂಥದ್ದು ಇದೆ. ಆದರೆ ನಾಲ್ಕು ನಾಲ್ಕು ಜನ ಮೂರು ನಿಮಿಷ ಆಡಿದ ಮೇಲೆ ಯಾರು ಎಷ್ಟು ಜನರನ್ನು ಹೊಡೆದರು ಅಂತ ಎಣಿಸುವುದಿಲ್ಲ. ಯಾರ ಬಣ್ಣ ಎಷ್ಟು ನೆಲಕ್ಕೆ ಹತ್ತಿದೆ ಅಂತ ನೋಡುತ್ತಾರೆ. ಗುರಿ ಇಟ್ಟು ಹೊಡೆಯಲು ಬಾರದ ಮಗು ಕೂಡ ಮೂಲೆಯಲ್ಲಿ ಸುಮ್ನೆ ನೆಲಕ್ಕೆ ಬಣ್ಣ ಬಳಿದು ತನ್ನ ತಂಡವನ್ನು ಗೆಲ್ಲಿಸಬಹುದು. ಮತ್ತೆ ಅದೇ: ಒಂದು ನಿಯಮ, ಇಡೀ ಆಟ ಬೇರೆ.

"ನಿಂಟೆಂಡೋ ಹತ್ತಿರ ದುಡ್ಡಿದೆ, ನಿಮ್ಮಂಥವರು ಏನು ಮಾಡ್ತೀರಿ" ಅಂತ ಅಲ್ಲಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಸೂಪರ್‌ಜೈಂಟ್ ಗೇಮ್ಸ್ ಕಥೆ ಹೇಳುತ್ತೇನೆ. 2009ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಶುರುವಾದ ಸ್ಟುಡಿಯೋ ಅದು. ಬೆರಳೆಣಿಕೆಯ ಜನ. 2011ರಲ್ಲಿ ಬ್ಯಾಸ್ಟಿಯನ್ ತಂದರು, ಅದು ಹೊಡೆದಾಟದ ಆಟ. 2014ರಲ್ಲಿ ಟ್ರಾನ್ಸಿಸ್ಟರ್, ಅದರಲ್ಲಿ ಕಾಲವನ್ನು ನಿಲ್ಲಿಸಿ ಮುಂದಿನ ನಡೆಗಳನ್ನು ಯೋಚಿಸಿ ಇಡಬಹುದು. 2017ರಲ್ಲಿ ಪೈರ್, ಅದು ಹತ್ತಿರ ಹತ್ತಿರ ಚೆಂಡಾಟ. 2020ರಲ್ಲಿ ಹೇಡಿಸ್, ಸತ್ತು ಸತ್ತು ಮೊದಲಿಂದ ಶುರು ಮಾಡುವ ಆಟ.

ಹೊರಗಿನಿಂದ ನೋಡಿದರೆ ನಾಲ್ಕು ಬೇರೆ ಬೇರೆ ಬೆಳೆ. ಆದರೆ ನೆಲ ನೋಡಿ. ಬ್ಯಾಸ್ಟಿಯನ್‌ನಲ್ಲಿ ಒಬ್ಬ ಮುದುಕನ ದನಿ ನೀವು ಮಾಡಿದ್ದನ್ನೆಲ್ಲ ಕಥೆಯಾಗಿ ಹೇಳುತ್ತಾ ಹೋಗುತ್ತದೆ. ಹಳ್ಳಕ್ಕೆ ಬಿದ್ದರೆ ಅದಕ್ಕೂ ಒಂದು ಮಾತು. ಪೈರ್‌ನಲ್ಲಿ ಪಂದ್ಯ ಸೋತರೆ ಆಟ ನಿಲ್ಲುವುದಿಲ್ಲ, ಸೋಲನ್ನೇ ಹೊತ್ತುಕೊಂಡು ಕಥೆ ಮುಂದೆ ಹೋಗುತ್ತದೆ. ಹೇಡಿಸ್‌ನಲ್ಲಿ ಸತ್ತರೆ ಮನೆಗೆ ವಾಪಸ್ ಬರುತ್ತೀರಿ; ಯಾರ ಕೈಯಲ್ಲಿ ಸತ್ತೆ ಅಂತ ಮನೆಯವರು ಕೇಳುತ್ತಾರೆ, ಮಾತು ಬೆಳೆಯುತ್ತದೆ. ಆಟಗಾರ ಏನೇ ಮಾಡಲಿ, ಎಡವಿದರೂ ಸರಿ, ಕಥೆ ಅದನ್ನು ಗಮನಿಸಬೇಕು. ಈ ಒಂದು ಹಟವನ್ನು ಅವರು ಬಿಟ್ಟಿಲ್ಲ. ಪೈರ್‌ನಲ್ಲಿ ಕಲಿತದ್ದು ಹೇಡಿಸ್‌ಗೆ ಗೊಬ್ಬರ ಆಯಿತು ಅಂತ ನಾನು ಬಲವಾಗಿ ನಂಬುತ್ತೇನೆ. ಹೇಡಿಸ್ ಆಡಿ ಮೆಚ್ಚಿದವರು ಒಮ್ಮೆ ಪೈರ್ ಆಡಿ ನೋಡಿ.

ಕೆಲವು ಸಲ ಜಾನರ್ ಒಂದೇ ಮಧ್ಯಾಹ್ನದಲ್ಲಿ ಬದಲಾಗುವುದೂ ಉಂಟು. ಡಯಾಬ್ಲೋ ಅನ್ನುವ ಹೆಸರಾಂತ ಕಂಪ್ಯೂಟರ್ ಗೇಮ್ ಮೊದಲು ಸರದಿಯ ಆಟ ಆಗಿತ್ತು, ಚದುರಂಗದ ಹಾಗೆ ನಿಮ್ಮ ನಡೆ, ಆಮೇಲೆ ಎದುರಿನವರ ನಡೆ. ಸರದಿ ತೆಗೆದುಬಿಡಿ ಅಂತ ಅದನ್ನು ಹೊರತರುತ್ತಿದ್ದ ಕಂಪನಿ ಬ್ಲಿಝಾರ್ಡ್‌ನವರು ಕೇಳಿದಾಗ ಅದನ್ನು ಮಾಡುತ್ತಿದ್ದ ಡೇವಿಡ್ ಬ್ರೆವಿಕ್‌ಗೆ ಮನಸ್ಸಿರಲಿಲ್ಲ. ಕೊನೆಗೆ ಒಂದು ದಿನ ಕೂತು ಕೆಲವೇ ಗಂಟೆಗಳಲ್ಲಿ ಸರದಿಯನ್ನು ತೆಗೆದು ನೋಡಿದರು. ಒಂದು ಎಲುಬುಗೂಡಿನ ಮೇಲೆ ಕ್ಲಿಕ್ ಮಾಡಿದರು. ಅವರ ವೀರ ನಡೆದುಹೋಗಿ ಅದನ್ನು ಹೊಡೆದು ಕೆಡವಿದ. ಅಲ್ಲಿಗೆ ವಾದ ಮುಗಿಯಿತು.

ಈಗ ನಮ್ಮದೇ ಒಂದು ಉದಾಹರಣೆ. ನಾವು ಫೋನಿಗೆ ಎತ್ತಿನ ಗಾಡಿ ರೇಸ್ ಮಾಡುತ್ತಿದ್ದೆವು. ಕಬ್ಬು ತುಂಬಿದ ಗಾಡಿ, ಮಂಡ್ಯ ಕಡೆಯ ನಾಲೆ ಏರಿಯ ದಾರಿ. ಓಟಕ್ಕೆ ಮೊದಲು ಗಾಡಿಗೆ ಕಬ್ಬಿನ ಹೊರೆ ಎಳೆದು ಹಾಕುವ ಒಂದು ಪರದೆ ಇತ್ತು. ಅದು ಬರೀ ಪೀಠಿಕೆ, ಐದು ಸೆಕೆಂಡಿನ ಕೆಲಸ.

ನಾಲ್ಕು ತಿಂಗಳು ಆದ ಮೇಲೆ ಮಾವನ ಮನೆಗೆ ಫೋನ್ ತೆಗೆದುಕೊಂಡು ಹೋಗಿ ಅವರ ಮೊಮ್ಮಗನ ಕೈಗೆ ಕೊಟ್ಟೆ. ಒಂಬತ್ತು ವರ್ಷದ ಹುಡುಗ. ಅವನು ಓಟ ಶುರುವೇ ಮಾಡಲಿಲ್ಲ. ಒಂದು ಹೊರೆ ಹಾಕಿದ. ಇನ್ನೊಂದು ಹಾಕಿದ. ಹಿಂದಕ್ಕೇ ಪೇರಿಸುತ್ತಾ ಹೋದ. ಹಿಂಭಾರ ಆಗಿ ಗಾಡಿಯ ಮೂಕಿ ಮೇಲೆದ್ದಿತು, ಎತ್ತುಗಳ ಮುಂಗಾಲು ನೆಲ ಬಿಟ್ಟವು. ಹುಡುಗ ಕೇಕೆ ಹಾಕಿ ನಕ್ಕ. ಎಲ್ಲ ತೆಗೆದು ಮತ್ತೆ ಮುಂದಕ್ಕೆ ಪೇರಿಸಿದ. ಮಾವ ಪಕ್ಕಕ್ಕೆ ಬಂದು ಕೂತು, "ಹಂಗಲ್ಲ ಮಗ, ನಡುಮಧ್ಯಕ್ಕೆ ಇಕ್ಕು, ಆಮೇಲೆ ಹಿಂದಕ್ಕೊಂದು ಮುಂದಕ್ಕೊಂದು" ಅಂತ ಹೇಳಿಕೊಡತೊಡಗಿದರು. ಇಪ್ಪತ್ತು ನಿಮಿಷ ಇಬ್ಬರೂ ಆ ಪರದೆ ಬಿಟ್ಟು ಏಳಲಿಲ್ಲ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು.

ಸೋಮವಾರ ಸ್ಟುಡಿಯೋದಲ್ಲಿ ಹೇಳಿದೆ: ಓಟ ಬಿಡೋಣ, ಹೊರೆ ಇಟ್ಟುಕೊಳ್ಳೋಣ. ಗಾಡಿಯ ತೂಕ, ಚಕ್ರ, ಎತ್ತಿನ ನಡಿಗೆ, ಇದಕ್ಕೆಲ್ಲ ಬರೆದ ಕೋಡ್ ಉಳಿಯಿತು. ಎದುರಾಳಿ ಗಾಡಿಗಳು ಹೋದವು, ಗಡಿಯಾರ ಹೋಯಿತು, ಹನ್ನೆರಡು ರೇಸ್ ದಾರಿಗಳು ಹೋದವು. ಆ ದಾರಿಗಳನ್ನು ಒಂದೊಂದೇ ಮರ ನೆಟ್ಟು ಮಾಡಿದ್ದ ನಮ್ಮ ಗೆಳತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳದು ತಪ್ಪಲ್ಲ. ಹೊಸ ಯೋಚನೆ ಹೊಳೆಯುವುದು ಈ ಕೆಲಸದಲ್ಲಿ ಅಂಥ ಕಷ್ಟವಲ್ಲ. ಚೆನ್ನಾಗಿ ಮಾಡಿದ್ದನ್ನು ಕೈಯಾರೆ ತೆಗೆದುಹಾಕುವುದು ನಿಜವಾದ ಕಷ್ಟ. ಸ್ಟುಡಿಯೋ ಅಂದರೆ ಕಂಪ್ಯೂಟರ್ ಅಲ್ಲ. ಹಾಗೆ ತೆಗೆದುಹಾಕಿದ ಮೇಲೂ ಮತ್ತೆ ಒಟ್ಟಿಗೆ ಊಟಕ್ಕೆ ಕೂರುವ ಜನ. ಮೂರನೆಯ ದಿನ ಅವಳೇ ಬಂದು, ದಾರಿಯ ಉಬ್ಬುತಗ್ಗಿಗೆ ಹೊರೆ ಜಾರಿದರೆ ಹೇಗಿರುತ್ತೆ ಅಂತ ಕೇಳಿದಳು. ಈಗಿನ ಆಟದ ಜೀವಾಳವೇ ಅದು.

ಕಾಲೇಜಿನವರು ಬಂದಾಗ ನಾನು ಅವರನ್ನು ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ ಅನ್ನುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ಮೇಲೆ ಅಷ್ಟು ಪ್ರೀತಿ ಇಟ್ಟಿದ್ದವರು. ಅವರ ಶ್ರೀತತ್ತ್ವನಿಧಿ ಅನ್ನುವ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರ ಇದೆ. ಗಂಜೀಫಾ ಅನ್ನುವ ಹಳೆಯ ಇಸ್ಪೀಟಿನಂಥ ಎಲೆಗಳಲ್ಲಿ ಎಷ್ಟೋ ಹೊಸ ಬಗೆ ಕಟ್ಟಿದರು. ಅರಮನೆಯ ಗೋಡೆಯ ಮೇಲೆ ಆಟದ ಪಟಗಳಿವೆ. ಕುದುರೆ ನಡೆಯ ಲೆಕ್ಕಗಳನ್ನೂ ಅವರು ಬಿಡಿಸಿದ್ದಾರೆ: ಚದುರಂಗದ ಕುದುರೆ ಅರವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು. ಅವರಿಗಿಂತ ಹಳೆಯ ಒಗಟು ಅದು. ಆದರೆ ಅದರಲ್ಲಿ ಆಗಿರುವುದು ಏನು ನೋಡಿ. ಇಬ್ಬರ ಯುದ್ಧದ ಆಟದಿಂದ ಎದುರಾಳಿಯನ್ನು ತೆಗೆದರು, ರಾಜನನ್ನು ತೆಗೆದರು, ಸೈನ್ಯ ತೆಗೆದರು. ಒಂದೇ ಒಂದು ಕಾಯಿಯ ನಡೆಯನ್ನು ಉಳಿಸಿಕೊಂಡರು. ಯುದ್ಧ ಹೋಗಿ ಒಬ್ಬರೇ ಕೂತು ಬಿಡಿಸುವ ಪಜಲ್ ಬಂತು.

"ಹಾಗಾದ್ರೆ ನಿಮ್ಮ ಮುಂದಿನ ಗೇಮ್ ಯಾವ ಜಾನರ್?" ಅಂತ ಕೊನೆಗೆ ಕೇಳುತ್ತಾರೆ. ಅದಕ್ಕೆ ಇನ್ನೂ ಹೆಸರಿಲ್ಲ. ಸದ್ಯಕ್ಕೆ ಇರುವುದು ಇಷ್ಟು: ಪರದೆ ಪೂರ್ತಿ ಕತ್ತಲೆ. ಒಂದೇ ಒಂದು ಬಟನ್. ಒತ್ತಿದರೆ ಒಂದು ಹೆಂಗಸಿನ ದನಿ ಹಸುವನ್ನು ಹೆಸರು ಹಿಡಿದು ಕರೆಯುತ್ತದೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ, ಎಡಗಡೆ, ಕೊರಳ ಗಂಟೆ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಆಡಿದವರಲ್ಲಿ ಕೆಲವರು ಗಂಟೆ ಕೇಳಿದ ಕಡೆ ಓಡುತ್ತಾರೆ. ಕೆಲವರು ನಿಂತಲ್ಲೇ ನಿಂತು ಮತ್ತೆ ಮತ್ತೆ ಕರೆಯುತ್ತಾರೆ, ಹಸು ತಾನಾಗಿ ಬರಲಿ ಅಂತ. ಈ ಎರಡೂ ಥರದವರಿಗೆ ಬೇರೆ ಬೇರೆ ಬಿಲ್ಡ್, ಅಂದರೆ ಆಡಿ ನೋಡುವ ಪ್ರತಿ ಮಾಡಿ ಮುಂದಿನ ಶನಿವಾರ ಮಂಡ್ಯಕ್ಕೆ ಹೋಗುತ್ತಿದ್ದೇನೆ.